‘ತುಂಬುತೋಳು’ ಪತ್ರಿಕೆಯ ನೈಟಿ ಸಂಚಿಕೆ

ಕೊಟ್ಟೂರಿನ ಏಕಾಂತಪ್ಪನಿಗೆ ಹೆಂಗಸರ ಪತ್ರಿಕೆ ಹೊರಡಿಸುವ ಹಟ ಹಿಡಿದದ್ದು ೧೯೯೮ರ ಯುಗಾದಿ ಮುಗಿದ ಮರುವಾರ, ದಾವಣಗೆರೆ ಬಸ್ ನಿಲ್ದಾಣದ ಪುಸ್ತಕದಂಗಡಿಯ ಎದುರಿಗೆ. ಅಲ್ಲಿ ದಾರಕ್ಕೆ ನೇತುಹಾಕಿದ್ದ ಬಣ್ಣದ ಪತ್ರಿಕೆಯೊಂದರ ಮುಖಪುಟದಲ್ಲಿ ಒಬ್ಬ ಹುಡುಗಿ ಬೆನ್ನು ತಿರುಗಿಸಿ ನಿಂತಿದ್ದಳು. ಅವಳ ಕುಪ್ಪಸಕ್ಕೆ ಬೆನ್ನೇ ಇರಲಿಲ್ಲ, ಎರಡು ಲಾಡಿ ಮಾತ್ರ ಇದ್ದವು. ಏಕಾಂತಪ್ಪ ಅದನ್ನು ಕೊಂಡು, ಟವೆಲಿನಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ತೊಡೆಯ ಕೆಳಗೆ ಇಟ್ಟುಕೊಂಡು ಬಂದು ಹೆಂಡತಿ ಕನಕಮ್ಮನ ಮುಂದೆ ಬಿಚ್ಚಿದ. ದೇಶ ಎಲ್ಲಿಗೆ ಬಂತು ನೋಡು ಎಂದ.

ಕನಕಮ್ಮ ನೋಡಿದಳು. ಒಲೆಯ ಮುಂದೆ ಕೂತು ಇಪ್ಪತ್ತು ರೊಟ್ಟಿ ಬಡಿದು ಆಗತಾನೇ ಎದ್ದು ಬಂದಿದ್ದಳು. ಮೊಣಕೈ ದಾಟುವ ತೋಳಿನ ಕುಪ್ಪಸ ಬೆವರಿಗೆ ಮೈಗೆ ಅಂಟಿಕೊಂಡಿತ್ತು. ಆ ಹುಡುಗಿಯ ಬೆನ್ನಿಗೆ ಎಷ್ಟು ತಣ್ಣಗೆ ಗಾಳಿ ತಾಗುತ್ತಿರಬೇಕು ಎಂದು ಅವಳಿಗೆ ಅನ್ನಿಸಿತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಕಾಲ ಕೆಟ್ಟಿತು ಎಂದು ಗಂಡನ ಮಾತಿಗೆ ತಲೆಯಾಡಿಸಿದಳು.

ಏಕಾಂತಪ್ಪನದು ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಹಳೆಯ ಪ್ರೆಸ್ಸು. ಲಗ್ನಪತ್ರಿಕೆ, ದಲಾಲಿ ಅಂಗಡಿಗಳ ರಸೀದಿ ಪುಸ್ತಕ, ತೀರಿಕೊಂಡವರ ಶ್ರದ್ಧಾಂಜಲಿ ಚೀಟಿ ಇವೇ ಕೆಲಸ. ಹಿಂದೆ ಒಮ್ಮೆ ತಾನೇ ಬರೆದ ನೀತಿಪದ್ಯಗಳ ಪುಸ್ತಕವನ್ನೂ ಅಚ್ಚು ಹಾಕಿದ್ದ. ಅದರ ಪ್ರತಿಗಳು ಅಟ್ಟದ ಮೇಲೆ ಕೂತು ಹತ್ತು ವರ್ಷವಾಗಿತ್ತು. ಬರೀ ನೀತಿ ಎಂದರೆ ಹೆಂಗಸರು ಮುಟ್ಟುವುದಿಲ್ಲ ಎಂಬುದನ್ನು ಅವನು ಅದರಿಂದ ಕಲಿತಿದ್ದ. ಆದ್ದರಿಂದ ಪತ್ರಿಕೆಗೆ ‘ತುಂಬುತೋಳು’ ಎಂದು ಹೆಸರಿಟ್ಟು, ಕೆಳಗೆ ಸಣ್ಣಕ್ಷರದಲ್ಲಿ ‘ಮರ್ಯಾದಸ್ಥ ಮಹಿಳೆಯರ ಫ್ಯಾಶನ್ ಮಾಸಪತ್ರಿಕೆ’ ಎಂದು ಸೇರಿಸಿದ. ಫ್ಯಾಶನ್ ಎಂಬ ಮಾತು ಹೆಂಗಸರನ್ನು ಕರೆದುಕೊಂಡು ಬರುತ್ತದೆ, ಬಂದಮೇಲೆ ಮರ್ಯಾದೆಯನ್ನು ತಾನು ಕೊಡುತ್ತೇನೆ ಎನ್ನುವುದು ಅವನ ಲೆಕ್ಕಾಚಾರ.

ಹೆಂಗಸರ ಪತ್ರಿಕೆಗೆ ಹೆಂಗಸೇ ಸಂಪಾದಕಿ ಆಗಬೇಕಷ್ಟೆ. ಮನೆಯಲ್ಲಿ ಓದಿದವಳೆಂದರೆ ಏಕಾಂತಪ್ಪನ ತಮ್ಮ ಗುರುಶಾಂತನ ಹೆಂಡತಿ ಗಂಗಾಂಬಿಕಾ ಒಬ್ಬಳೇ. ಅವಳು ಹರಪನಹಳ್ಳಿಯಲ್ಲಿ ಬಿ.ಎ. ಮಾಡಿದ್ದಳು. ಗುರುಶಾಂತ ಗುಡೇಕೋಟೆಯಲ್ಲಿ ಮಾಸ್ತರನಾಗಿದ್ದು ಶನಿವಾರಕ್ಕೊಮ್ಮೆ ಬರುತ್ತಿದ್ದ. ಆದರೆ ಆ ಮನೆಯ ಪದ್ಧತಿ ಬಿಗಿಯಾಗಿತ್ತು. ತಮ್ಮನ ಹೆಂಡತಿ ಭಾವನ ಎದುರಿಗೆ ಬಂದು ನಿಲ್ಲುವಂತಿಲ್ಲ, ನೇರ ಮಾತಾಡುವಂತಿಲ್ಲ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಏಕಾಂತಪ್ಪ ಗಂಗಾಂಬಿಕಾಳ ಸೆರಗಿನ ತುದಿ ಕಂಡಿದ್ದನೇ ಹೊರತು ದನಿ ಕೇಳಿರಲಿಲ್ಲ. ಮಾಲೀಕನು ಸಂಪಾದಕಿಯ ಜೊತೆ ಮಾತಾಡುವುದು ಹೇಗೆ ಎಂಬ ಪ್ರಶ್ನೆ ಬಂದಾಗ ಅವನಿಗೆ ಯೋಚನೆಯೇ ಬೇಕಾಗಲಿಲ್ಲ. ಕನಕಮ್ಮ ಇದ್ದಳಲ್ಲ.

ಆ ಮನೆ ಉದ್ದಕ್ಕೆ ರೈಲಿನ ಡಬ್ಬಿಯ ಹಾಗಿತ್ತು. ಮುಂದೆ ಪಡಸಾಲೆ, ನಡುವೆ ಕತ್ತಲೆಯ ನಡುಮನೆ, ಹಿಂದೆ ಅಡುಗೆಮನೆ. ಪಕ್ಕದಲ್ಲಿ ಹಿಟ್ಟಿನ ಗಿರಣಿ ಇದ್ದದ್ದರಿಂದ ಒಂದು ಕಡೆ ಆಡಿದ ಮಾತು ಇನ್ನೊಂದು ಕಡೆಗೆ ಕೇಳುತ್ತಿರಲಿಲ್ಲ. ಏಕಾಂತಪ್ಪ ಪಡಸಾಲೆಯ ಬೆಂಚಿನ ಮೇಲೆ ಕೂತು ಹೇಳುವುದು, ಕನಕಮ್ಮ ಇಪ್ಪತ್ತೆರಡು ಹೆಜ್ಜೆ ನಡೆದುಹೋಗಿ ಗಂಗಾಂಬಿಕಾಗೆ ಅದನ್ನು ಮುಟ್ಟಿಸುವುದು, ಅವಳ ಉತ್ತರ ಹೊತ್ತುಕೊಂಡು ಮತ್ತೆ ಇಪ್ಪತ್ತೆರಡು ಹೆಜ್ಜೆ. ಸಂಪಾದಕ ಮಂಡಳಿಯ ಸಭೆ ಎಂದರೆ ಇದು. ಮೊದಲ ಸಭೆ ಮುಗಿಯುವಷ್ಟರಲ್ಲಿ ಕನಕಮ್ಮನ ಮೊಣಕಾಲು ಹಿಡಿದುಕೊಂಡವು.

ಮೊದಲನೆಯ ತೊಡಕು ಮುಖಪುಟದ್ದು. ಮರ್ಯಾದಸ್ಥ ಹೆಂಗಸರು ಯಾರೂ ಪತ್ರಿಕೆಗೆ ಫೋಟೊ ಕೊಡಲು ಒಪ್ಪಲಿಲ್ಲ. ಒಪ್ಪಿದವರು ಏಕಾಂತಪ್ಪನಿಗೆ ಬೇಕಾಗಲಿಲ್ಲ. ಕೊನೆಗೆ ಲಾರಿ, ಟ್ರಾಕ್ಟರುಗಳ ಹಿಂದೆ ಚಿತ್ರ ಬರೆಯುವ ಪೇಂಟರ್ ಗಾದಿಲಿಂಗಪ್ಪನಿಗೆ ಹೇಳಿದರು. ಅವನು ಆವರೆಗೆ ಬರೆದ ಹೆಂಗಸೆಂದರೆ ಲಕ್ಷ್ಮಿ ಒಬ್ಬಳೇ. ಸೆರಗು ಹೊದ್ದ ಗೃಹಿಣಿಯನ್ನು ಅಚ್ಚುಕಟ್ಟಾಗಿ ಬರೆದ. ಕೈ ಮಾತ್ರ ಅಭ್ಯಾಸಬಲದಿಂದ ನಾಲ್ಕು ಬಂದಿದ್ದವು. ಎರಡನ್ನು ಅಳಿಸಿದರು. ಉಳಿದ ಎರಡರಲ್ಲಿ ಒಂದರಿಂದ ಬಂಗಾರದ ನಾಣ್ಯ ಉದುರುತ್ತಲೇ ಇತ್ತು. ಅಚ್ಚಿಗೆ ಹೊತ್ತಾಗಿದ್ದರಿಂದ ಅದನ್ನು ಹಾಗೇ ಬಿಟ್ಟರು.

ಎರಡನೆಯ ಸಂಚಿಕೆಗೆ ಏಕಾಂತಪ್ಪ ಸ್ತ್ರೀಯರ ಲಜ್ಜೆಯ ಬಗ್ಗೆ ಮೂರು ಪುಟದ ಲೇಖನ ಬರೆಯಿಸಬೇಕೆಂದು ಹೇಳಿ ಕಳಿಸಿದ. ಕನಕಮ್ಮ ಆ ಮಾತನ್ನು ಹೊತ್ತು ನಡುಮನೆಗೆ ಬರುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಓಡಿಹೋಗಿ ಪಾತ್ರೆ ಇಳಿಸುವಾಗ ತೋಳು ಎತ್ತಿದಳು. ಕುಪ್ಪಸದ ಎರಡು ಹುಕ್ಕು ಕಿತ್ತು ಒಲೆಯ ಬೂದಿಗೆ ಬಿದ್ದವು. ಬೂದಿ ಕೆದಕಿ ಹುಕ್ಕು ಹುಡುಕುತ್ತಾ ಕೂತವಳಿಗೆ ಗಂಡ ಹೇಳಿದ್ದು ಪೂರ್ತಿ ಮರೆತುಹೋಯಿತು. ಭಾವಾರು ಏನಂದ್ರು ಎಂದು ಗಂಗಾಂಬಿಕಾ ಪೆನ್ನು ಹಿಡಿದು ಕೇಳಿದಳು. ಮರೆತೆ ಎನ್ನಲು ಕನಕಮ್ಮನಿಗೆ ನಾಚಿಕೆಯಾಯಿತು.

“ಜಂಪರಿನ ಹುಕ್ಕು ಯಾಕ ಕಿತ್ತು ಬರ್ತಾವು, ಬರದಂಗ ಏನು ಮಾಡಬೇಕು ಅಂತ ಬರೀಬೇಕಂತ,” ಎಂದಳು.

ಗಂಗಾಂಬಿಕಾಗೆ ನಂಬಿಕೆ ಬರಲಿಲ್ಲ. ಭಾವನವರು ಹುಕ್ಕಿನ ಬಗ್ಗೆ ಯೋಚನೆ ಮಾಡುತ್ತಾರಾ ಎಂದು ಮೆಲ್ಲಗೆ ಕೇಳಿದಳು. ಗಂಡಸರಿಗೆ ಎಲ್ಲ ಯೋಚನೆಯೂ ಇರುತ್ತದೆ, ನೀನು ಬರಿ ಎಂದಳು ಕನಕಮ್ಮ. ಗಂಗಾಂಬಿಕಾ ಓಣಿಯ ಟೇಲರ್ ಅಂಜಿನಕ್ಕನನ್ನು ಕೇಳಿಕೊಂಡು ಬಂದು, ದಾರ ಯಾವುದಿರಬೇಕು, ಪಟ್ಟಿಗೆ ಒಳಗಡೆ ಬಟ್ಟೆ ಎಷ್ಟು ಮಡಚಬೇಕು ಎಂದು ಎಲ್ಲವನ್ನೂ ಬರೆದಳು. ಹಸ್ತಪ್ರತಿ ಕಂಡ ಏಕಾಂತಪ್ಪ ಮುಖ ಗಂಟಿಕ್ಕಿದ. ಕನಕಮ್ಮ ಓದುಗರು ಕೇಳಿದ್ದಾರಂತೆ, ಸಂಪಾದಕಿ ಹೇಳುತ್ತಾಳೆ ಎಂದಳು. ಹುಕ್ಕು ಕಿತ್ತರೆ ಮರ್ಯಾದೆಗೂ ಭಂಗವೇ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡು ಅಚ್ಚಿಗೆ ಕೊಟ್ಟ.

ಆ ಸಂಚಿಕೆಯ ಕಟ್ಟುಗಳು ಬಸ್ಸಿನ ಮೇಲೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗೆ ಹೋದವು. ಹದಿನೈದು ದಿನದಲ್ಲಿ ಪತ್ರಗಳು ಬರತೊಡಗಿದವು. ಕನಕಮ್ಮನ ತವರೂರು ಇಟ್ಟಿಗಿಯಿಂದಲೇ ನಾಲ್ಕು ಬಂದಿದ್ದವು. ಹುಕ್ಕಿನ ಲೇಖನ ಓದಿ ನಮ್ಮ ಮನೆಯವರಿಗೂ ಓದಿ ಹೇಳಿದೆವು, ಇಂಥವು ಇನ್ನೂ ಬರಲಿ ಎಂದು ಒಬ್ಬಳು ಬರೆದಿದ್ದಳು. ನಾಲ್ಕನೇ ಇಯತ್ತೆಯವರೆಗೆ ಓದಿದ್ದ ಕನಕಮ್ಮ ಆ ಪತ್ರವನ್ನು ಬೆರಳಿಟ್ಟುಕೊಂಡು ಎರಡು ಸಲ ಓದಿದಳು. ಮೂವತ್ತು ವರ್ಷ ಆ ಮನೆಯಲ್ಲಿ ಅತ್ತೆಯ ಮಾತು, ಗಂಡನ ಮಾತು, ಮೈದುನನ ಮಾತು ಹೊತ್ತು ಅತ್ತಿಂದಿತ್ತ ಮುಟ್ಟಿಸಿದವಳು ಅವಳು. ತನ್ನದೊಂದು ಮಾತು ಹಡಗಲಿ ದಾಟಿ ಹೋಗಿ ತಿರುಗಿ ಬಂದದ್ದು ಅದೇ ಮೊದಲು. ಆ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಆಮೇಲೆ ಅವಳು ಮರೆಯುವುದಕ್ಕೆ ಹಾಲು ಉಕ್ಕಬೇಕೆಂದೇನೂ ಇರಲಿಲ್ಲ. ಪತಿವ್ರತೆಯರ ಕತೆ ಬೇಕು ಎಂದು ಪಡಸಾಲೆಯಲ್ಲಿ ಹೊರಟ ಮಾತು ಅಡುಗೆಮನೆಗೆ ಬರುವಾಗ, ಒಳಲಂಗಕ್ಕೆ ಜೇಬು ಹೊಲಿಯುವುದು ಹೇಗೆ ಎಂದಾಗಿರುತ್ತಿತ್ತು. ಸಂತೆಗೆ ಹೋಗುವ ಹೆಂಗಸರಿಗೆ ಅದರಷ್ಟು ಉಪಕಾರ ಇನ್ನೊಂದಿಲ್ಲ ಎಂದು ಕೂಡ್ಲಿಗಿಯಿಂದ ಪತ್ರ ಬಂತು. ಗಂಡ ಕೇಳಿದರೆ ಸಂಪಾದಕಿಯ ಹಟ ಎನ್ನುವಳು, ಸಂಪಾದಕಿ ಕೇಳಿದರೆ ಭಾವನ ಅಪ್ಪಣೆ ಎನ್ನುವಳು.

ನಾಲ್ಕನೆಯ ಸಂಚಿಕೆಯ ಹೊತ್ತಿಗೆ ಗಂಗಾಂಬಿಕಾಗೆ ರೋಸಿಹೋಯಿತು. ಏಕಾಂತಪ್ಪ ಅಟ್ಟದ ಮೇಲಿನ ನೀತಿಪದ್ಯಗಳನ್ನು ಪುಟಕ್ಕೊಂದರಂತೆ ಎಲ್ಲ ಲೇಖನಗಳ ನಡುವೆ ತುರುಕುತ್ತಿದ್ದ. ಜೇಬು ಹೊಲಿಯುವ ವಿವರದ ಅರ್ಧದಲ್ಲಿ ‘ನಾರಿ ನೀ ಬಾಗಿ ನಡೆ’ ಎಂದು ಬಂದುಬಿಡುತ್ತಿತ್ತು. ಈ ಕೆಲಸ ತನಗೆ ಬೇಡವೆಂದು ಹೇಳಿಬಿಡಿ ಎಂದು ಅವಳು ಕನಕಮ್ಮನಿಗೆ ಖಡಾಖಂಡಿತ ಹೇಳಿ ಪೆನ್ನು ಕೆಳಗಿಟ್ಟಳು.

ಕನಕಮ್ಮ ಇಪ್ಪತ್ತೆರಡು ಹೆಜ್ಜೆಯನ್ನು ಬಹಳ ನಿಧಾನವಾಗಿ ನಡೆದಳು. ಇವಳು ಬಿಟ್ಟರೆ ಪತ್ರಿಕೆ ನಿಂತೀತು. ಪಡಸಾಲೆಗೆ ಬಂದು, ಪದ್ಯಗಳು ಚದುರಿಹೋದರೆ ಓದುಗರ ಕಣ್ಣಿಗೆ ಬೀಳುವುದಿಲ್ಲ, ಕಡೆಯ ಪುಟದಲ್ಲಿ ಎಲ್ಲವನ್ನೂ ಕೂಡಿಸಿ ಹಾಕಿದರೆ ಕವಿಗೆ ಗೌರವ ಎಂದು ಸಂಪಾದಕಿ ಅನ್ನುತ್ತಾಳೆ ಎಂದಳು. ಕವಿ ಎಂಬ ಮಾತಿಗೆ ಏಕಾಂತಪ್ಪ ಕರಗಿದ. ಅವಳು ತಿರುಗಿ ಹೋಗಿ, ಭಾವಾರು ಪದ್ಯವನ್ನೆಲ್ಲ ಹಿಂದಕ್ಕೆ ಹಾಕಲು ಒಪ್ಪಿದರು, ನೀನಿಲ್ಲದೆ ಪತ್ರಿಕೆ ಇಲ್ಲ ಎಂದರು ಎಂದಳು. ಗಂಗಾಂಬಿಕಾಳ ಕಣ್ಣು ಒದ್ದೆಯಾದವು. ಆ ಮನೆಯಲ್ಲಿ ಅವಳಿಗೆ ಯಾರೂ ಅಂಥ ಮಾತು ಹೇಳಿರಲಿಲ್ಲ. ಸುಳ್ಳಾದರೂ ಹೇಳಿದ್ದು ಒಳ್ಳೆಯದಾಯಿತು ಎಂದುಕೊಂಡಳು ಕನಕಮ್ಮ.

ಆ ದಿನಗಳಲ್ಲೇ ಎದುರುಮನೆಗೆ ಬ್ಯಾಂಕಿನವರೊಬ್ಬರು ಬಾಡಿಗೆಗೆ ಬಂದರು. ಅವರ ಹೆಂಡತಿ ಬೆಳಿಗ್ಗೆ ತುಳಸಿಗೆ ನೀರು ಹಾಕಲು ಬರುವಾಗ ಹೂವಿನ ನೈಟಿ ಹಾಕಿಕೊಂಡು, ಹೆಗಲ ಮೇಲೊಂದು ಟವೆಲು ಹಾಕಿಕೊಳ್ಳುವಳು. ಕನಕಮ್ಮ ಕಸ ಗುಡಿಸುವ ನೆಪದಲ್ಲಿ ಬಾಗಿಲಲ್ಲಿ ನಿಂತು ದಿನವೂ ನೋಡಿದಳು. ನೆರಿಗೆ ಇಲ್ಲ, ಬಿಗಿತ ಇಲ್ಲ, ಗಾಳಿ ಬಂದರೆ ಬಟ್ಟೆ ಉಬ್ಬುತ್ತದೆ, ಒಳಗಿನ ಮನುಷ್ಯಳಿಗೆ ಎಷ್ಟು ಹಾಯಿ. ಕೊರಳಿನಿಂದ ಹೆಬ್ಬೆರಳಿನವರೆಗೆ ಎಲ್ಲಾ ಮುಚ್ಚಿದೆ. ತನ್ನ ಸೀರೆಯನ್ನು ನೋಡಿಕೊಂಡಳು. ಆರು ಗಜ ಸುತ್ತಿದರೂ ಸೊಂಟದ ಮಡಿಕೆ ಹೊರಗೇ ಇತ್ತು. ಇದನ್ನು ಕುರಿತು ಅಂಜಿನಕ್ಕನನ್ನು ಕೇಳಿದಾಗ, ಓಣಿಯ ಅರ್ಧ ಮನೆಗಳಿಗೆ ತಾನು ಗುಟ್ಟಾಗಿ ನೈಟಿ ಹೊಲಿದು ಕೊಟ್ಟಿದ್ದೇನೆ, ಗಂಡಸರು ಹೊರಗೆ ಹೋದಮೇಲೆ ಹಾಕಿಕೊಂಡು ಅವರು ಬರುವ ಮುಂಚೆ ತೆಗೆಯುತ್ತಾರೆ ಎಂದಳು.

ಒಂದು ಬೆಳಿಗ್ಗೆ ಏಕಾಂತಪ್ಪನೂ ಆ ನೈಟಿಯನ್ನು ನೋಡಿದ. ಹಲ್ಲುಜ್ಜುತ್ತಿದ್ದವನು ಹಾಗೇ ಒಳಗೆ ಬಂದ. ಈ ಪಿಡುಗನ್ನು ಬುಡಸಮೇತ ಕೀಳಬೇಕು, ಮುಂದಿನದು ನೈಟಿ ವಿರೋಧಿ ವಿಶೇಷ ಸಂಚಿಕೆ, ಸಂಪಾದಕಿಗೆ ಹೇಳು, ಒಂದೊಂದು ವಾಕ್ಯವೂ ಚಾಟಿ ಏಟಿನ ಹಾಗೆ ಇರಬೇಕು ಎಂದ.

ಕನಕಮ್ಮ ಹೊರಟಳು. ನಡುಮನೆಯ ಕತ್ತಲೆಯಲ್ಲಿ ಜೋಳದ ಚೀಲಕ್ಕೆ ಕೈ ಊರಿ ಸ್ವಲ್ಪ ಹೊತ್ತು ನಿಂತಳು. ಇದು ಹುಕ್ಕು, ಜೇಬಿನಂಥ ಮಾತಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಬೆವರಿನ ಒಂದು ಹನಿ ಕುತ್ತಿಗೆಯಿಂದ ಹೊರಟು ಕುಪ್ಪಸದೊಳಗೆ ದಾರಿ ಸಿಗದೆ ನಿಂತುಕೊಂಡಿತು. ಅವಳು ಅಡುಗೆಮನೆಗೆ ಹೋದಳು.

“ನೈಟಿ ಮ್ಯಾಲೆ ವಿಶೇಷ ಸಂಚಿಕಿ ಮಾಡಬೇಕಂತ,” ಎಂದಳು. “ಮೈ ಪೂರ್ತಿ ಮುಚ್ಚತೈತಿ, ಅದರಷ್ಟು ಮರ್ಯಾದಿ ಉಡುಪು ಇನ್ನೊಂದಿಲ್ಲ, ಹೆಣ್ಮಕ್ಕಳು ಮನ್ಯಾಗೂ ಹಾಕ್ಕೊಳ್ಳಲಿ, ಬಾಗಲಿಗೂ ಬರಲಿ ಅಂತಾರ.”

ಗಂಗಾಂಬಿಕಾ ಅಕ್ಕ ಎಂದು ಕರೆಯುತ್ತಿದ್ದ ಓರಗಿತ್ತಿಯ ಮುಖ ನೋಡಿದಳು. “ಭಾವಾರು ಹಂಗಂದ್ರ?”

“ಹಲ್ಲು ಉಜ್ಜೋದು ಬಿಟ್ಟು ಬಂದು ಹೇಳ್ಯಾರ,” ಎಂದಳು ಕನಕಮ್ಮ. ಅಷ್ಟಂತೂ ನಿಜವಾಗಿತ್ತು.

ಗಂಗಾಂಬಿಕಾ ಆ ಲೇಖನವನ್ನು ಎರಡೇ ದಿನದಲ್ಲಿ ಬರೆದಳು. ಅವಳ ಟ್ರಂಕಿನ ತಳದಲ್ಲೂ ಅಂಜಿನಕ್ಕ ಹೊಲಿದ ಒಂದು ನೈಟಿ ಇತ್ತು. ಮರ್ಯಾದೆ ಎಂದರೆ ಮುಚ್ಚುವುದಾದರೆ ಸೀರೆಗಿಂತ ನೈಟಿ ಮೇಲು ಎಂದು ‘ತುಂಬುತೋಳು’ ಪತ್ರಿಕೆ ಇಲ್ಲಿಯತನಕ ಬರೆದ ನಿಯಮಗಳನ್ನೇ ಒಂದೊಂದಾಗಿ ಎತ್ತಿ ಸಿದ್ಧ ಮಾಡಿದಳು. ಬೆನ್ನು ಕಾಣಬಾರದು, ಕಾಣುವುದಿಲ್ಲ. ಸೊಂಟ ಕಾಣಬಾರದು, ಕಾಣುವುದಿಲ್ಲ. ಬಾಗಿದರೆ ಜಾರಬಾರದು, ಜಾರಲು ಸೆರಗೇ ಇಲ್ಲ.

ಹಸ್ತಪ್ರತಿ ಗಂಡನ ಕೈಗೆ ಹೋದರೆ ಏನಾದೀತು ಎಂಬ ಚಿಂತೆಯಲ್ಲಿ ಕನಕಮ್ಮನಿಗೆ ಊಟ ಸೇರದಾಯಿತು. ಅಷ್ಟರಲ್ಲಿ ಏಕಾಂತಪ್ಪನ ಕಣ್ಣಿನ ಪೊರೆ ತೆಗೆಸಲು ಮೊದಲೇ ಗೊತ್ತುಮಾಡಿದ್ದ ದಿನ ಬಂತು. ದಾವಣಗೆರೆಯಲ್ಲಿ ಆಪರೇಷನ್ ಆಗಿ, ಕಣ್ಣಿಗೆ ಪಟ್ಟಿ, ಅದರ ಮೇಲೆ ಕರೀ ಕನ್ನಡಕ ಹಾಕಿಕೊಂಡು ಅವನು ಮನೆಗೆ ಬಂದ. ಒಂದು ತಿಂಗಳು ಒಂದಕ್ಷರವನ್ನೂ ಓದಬಾರದು ಎಂದು ಹೇಳಿ ಕಳಿಸಿದ್ದರು. ಕನಕಮ್ಮ ತನಗೆ ಗೊತ್ತಿದ್ದ ದೇವರಿಗೆಲ್ಲ ಕೈಮುಗಿದಳು. ಗಂಡನ ಕಣ್ಣು ನೆಟ್ಟಗಾದ್ದಕ್ಕೆ ಎಂದು ಎಲ್ಲರೂ ತಿಳಿದರು.

ಆದರೆ ಏಕಾಂತಪ್ಪ ಪ್ರೂಫ್ ನೋಡದೆ ಬಿಡುವವನಲ್ಲ. ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಸಿದ್ದಲಿಂಗ ಪ್ರೂಫ್ ಹಾಳೆ ಹಿಡಿದು ಬಂದಾಗ, ಹೆಂಡತಿಯನ್ನು ಕರೆದು ಓದಿ ಹೇಳು ಎಂದ. ಸಿದ್ದಲಿಂಗ ಅದೇ ಪ್ರೆಸ್ಸಿನಲ್ಲಿ ಇಪ್ಪತ್ತೈದು ವರ್ಷ ಅಕ್ಷರಗಳನ್ನು ತಿರುವುಮುರುವಾಗಿ ಓದುತ್ತಾ ಮುದುಕನಾಗುತ್ತಾ ಬಂದವನು, ಮಾತು ಕಡಿಮೆ. ಅವನು ಬಾಗಿಲ ಪಕ್ಕ ನಿಂತ. ಕನಕಮ್ಮ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದಳು. ಹಾಳೆಯಲ್ಲಿ ‘ನೈಟಿಯಂಥ ಗೌರವದ ಉಡುಪು’ ಎಂದಿತ್ತು. ಅವಳು ಮಠದ ಪುರಾಣ ಪ್ರವಚನದಲ್ಲಿ ಕೇಳಿದ್ದ ರಾಗವನ್ನು ನೆನಪು ಮಾಡಿಕೊಂಡು ಶುರು ಮಾಡಿದಳು. ನೈಟಿಯೆಂಬುದು ಸರ್ಪ. ಅದು ಮನೆಯೊಳಗೆ ನುಗ್ಗಿ ಬಂದ ಮಾರಿ. ಅದನ್ನು ತೊಟ್ಟ ನಾರಿಯ ತುಳಸಿಕಟ್ಟೆ ಒಣಗಿ ಹೋಗುವುದು.

ಏಕಾಂತಪ್ಪನ ಮುಖ ಅರಳಿತು. ಗಂಗಾಂಬಿಕಾಳಿಗೆ ಇಷ್ಟು ಬರೆಯಲು ಬರುತ್ತದೆಂದು ತಿಳಿದಿರಲಿಲ್ಲ ಎಂದ. ಆ ಮೊದಲಿನ ಸಾಲನ್ನು ಇನ್ನೊಮ್ಮೆ ಓದು ಎಂದ. ಕನಕಮ್ಮನಿಗೆ ಮೊದಲು ಏನು ಹೇಳಿದ್ದೆ ಎಂಬುದು ಆಗಲೇ ಹಾರಿಹೋಗಿತ್ತು. ನೈಟಿಯೆಂಬುದು ಬೆಂಕಿ ಎಂದಳು.

“ಮೊದಲ ಸಲ ಸರ್ಪ ಅಂದಿದ್ದಿ.”

“ಸರ್ಪ ಕೆಳಗಿನ ಸಾಲಿನ್ಯಾಗ ಐತ್ರಿ,” ಎಂದಳು ಕನಕಮ್ಮ. “ಬೆಂಕಿ ಆದಮ್ಯಾಲೆ ಸರ್ಪ ಬರ್ತೈತಿ.”

ಸಿದ್ದಲಿಂಗ ಚಾವಣಿಯ ಜಂತೆಯನ್ನೇ ನೋಡುತ್ತಾ ನಿಂತಿದ್ದ. ಅಷ್ಟೂ ಮೊಳೆಗಳನ್ನು ತನ್ನ ಕೈಯಾರೆ ಜೋಡಿಸಿದವನು ಅವನು. ಹಾಳೆ ತಿರುಗಿ ಇಸಿದುಕೊಳ್ಳುವಾಗ, ಅಮ್ಮಾರೇ, ಕಾಗುಣಿತದ ತಪ್ಪೇನಾದರೂ ಕಂಡವಾ ಎಂದಷ್ಟೇ ಕೇಳಿದ. ಇಲ್ಲ ಎಂದಳು. ಅಚ್ಚಾಯಿತು.

ಮುಖಪುಟದಲ್ಲಿ ಗಾದಿಲಿಂಗಪ್ಪನ ಲಕ್ಷ್ಮಿ ನೇರಳೆ ಬಣ್ಣದ ನೈಟಿ ತೊಟ್ಟು, ಹೆಗಲಿಗೆ ಟವೆಲು ಹಾಕಿಕೊಂಡು, ತಲೆಯ ಹಿಂದೆ ಪ್ರಭೆ ಬಿಟ್ಟುಕೊಂಡು ನಿಂತಿದ್ದಳು. ಆ ಸಂಚಿಕೆ ವಾರದಲ್ಲಿ ಮುಗಿದು ಎರಡನೇ ಸಲ ಅಚ್ಚು ಹಾಕಬೇಕಾಯಿತು. ಇದುವರೆಗೆ ಗಂಡಸರು ‘ತುಂಬುತೋಳು’ ಪತ್ರಿಕೆಯನ್ನು ತಂದು ಹೆಂಡಂದಿರ ಮುಂದೆ ಹಾಕಿ, ಇದರಲ್ಲಿರುವ ಹಾಗೆ ಇರು ಎನ್ನುತ್ತಿದ್ದರು. ಈಗ ಹೆಂಡಂದಿರು ಅದನ್ನು ಗಂಡಂದಿರ ಮುಂದೆ ಬಿಡಿಸಿ ಇಟ್ಟರು. ಏಕಾಂತಪ್ಪ ಪಟ್ಟಿ ಬಿಚ್ಚಿದ ಕಣ್ಣಿಗೆ ಕರೀ ಕನ್ನಡಕ ಹಾಕಿಕೊಂಡು ಕೂತು, ಮುಖಪುಟ ಬರೀ ಬಣ್ಣದ ಮಬ್ಬಾಗಿ ಕಂಡರೂ, ತನ್ನ ಚಾಟಿ ಏಟು ಊರೂರಿಗೆ ಹೇಗೆ ತಾಗಿದೆ ನೋಡು ಎಂದು ಹಿಗ್ಗಿದ.

ಹೀಗಿರುವಾಗ ಹರಪನಹಳ್ಳಿಯ ಮಹಿಳಾ ಮಂಡಳಿಯೊಂದರಿಂದ ಇಬ್ಬರು ಬಂದು, ನೈಟಿ ಸಂಚಿಕೆಗಾಗಿ ಏಕಾಂತಪ್ಪನವರನ್ನು ಸತಿಸಮೇತ ಸನ್ಮಾನ ಮಾಡುತ್ತೇವೆ ಎಂದರು. ಕನಕಮ್ಮ ಅವತ್ತಿನಿಂದ ಹೊಟ್ಟೆನೋವು ಎಂದಳು. ಬಸ್ಸು ಬಂದ್ ಅಂತೆ ಎಂದಳು. ಕಣ್ಣಿಗೆ ಧೂಳು ಬಡಿದರೆ ಆಪರೇಷನ್ ಕೆಡುತ್ತದೆ ಎಂದಳು. ಏಕಾಂತಪ್ಪ ಜಗ್ಗಲಿಲ್ಲ. ನೈಟಿಯನ್ನು ಖಂಡಿಸುವ ಅರ್ಧ ಗಂಟೆಯ ಭಾಷಣವನ್ನು ಬಾಯಿಪಾಠ ಮಾಡಿಕೊಂಡ. ಬಸ್ಸಿನಲ್ಲಿ ಇಡೀ ದಾರಿ ಅದನ್ನೇ ಗೊಣಗುತ್ತಾ ಬಂದ. ಕನಕಮ್ಮ ಕಿಟಕಿಯಾಚೆ ಮೆಕ್ಕೆಜೋಳದ ಹೊಲಗಳನ್ನು ನೋಡುತ್ತಾ, ಬಸ್ಸು ಎಲ್ಲಾದರೂ ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡಳು. ಅದು ಐದು ನಿಮಿಷ ಮೊದಲೇ ಮುಟ್ಟಿತು.

ಸಭಾಂಗಣದ ತುಂಬ ಹೆಂಗಸರಿದ್ದರು. ಮಂಡಳಿಯ ಅಧ್ಯಕ್ಷೆ ಎರ್ರಮ್ಮ, ರಿಟೈರಾದ ಟೀಚರು, ಮೈಕಿನ ಮುಂದೆ ನಿಂತು ಮಾತು ಶುರು ಮಾಡಿದಳು.

“ನಾವು ಮನೇಲಿ ನೈಟಿ ಹಾಕ್ಕಂಡ್ರೆ ಮರ್ಯಾದೆ ಹೋತು ಅಂತಿದ್ರು. ಮರ್ಯಾದೆ ಅಂದ್ರೇನು ಅಂತ ಏಕಾಂತಪ್ಪನೋರು ಬರೆಸಿದ್ದಾರೆ. ಗಂಡಸಾಗಿ ನಮ್ಮ ಸೆಕೆ ಅವರಿಗೆ ಅರ್ಥ ಆಗೇತಿ. ಅದಕ್ಕೇ ಈ ಸನ್ಮಾನ,” ಎಂದಳು.

ಚಪ್ಪಾಳೆ ಎದ್ದಿತು. ಏಕಾಂತಪ್ಪನ ಕರೀ ಕನ್ನಡಕ ನಿಧಾನವಾಗಿ ಹೆಂಡತಿಯ ಕಡೆ ತಿರುಗಿತು. ಕನಕಮ್ಮ ಎದುರಿನ ಗೋಡೆಗೆ ಅಂಟಿಸಿದ್ದ ಬಣ್ಣದ ಕಾಗದವನ್ನು ನೋಡುತ್ತಾ ಕೂತಳು. ಹೆಗಲಿಗೆ ಶಾಲು ಬಿತ್ತು, ಕೊರಳಿಗೆ ಹಾರ ಬಿತ್ತು, ಕೈಗೆ ಹಣ್ಣಿನ ಬುಟ್ಟಿ ಬಂತು, ಎದುರಿಗೆ ಮೈಕು ಬಂತು.

ಏಕಾಂತಪ್ಪ ಎದ್ದು ನಿಂತ. ಬಾಯಿಪಾಠ ಮಾಡಿದ್ದ ಭಾಷಣದ ಮೊದಲನೆಯ ಪದ ತಾನಾಗಿ ಹೊರಗೆ ಬಂತು. “ನೈಟಿ,” ಎಂದ. ಸಭಾಂಗಣವೆಲ್ಲ ಚಪ್ಪಾಳೆ ತಟ್ಟಿತು. ಅದು ನಿಲ್ಲುವವರೆಗೆ ಕಾದು ಮತ್ತೆ “ನೈಟಿ ಎಂಬುದು,” ಎಂದ. ಮತ್ತೆ ಚಪ್ಪಾಳೆ. ಜೀವಮಾನದಲ್ಲಿ ಅವನ ಒಂದು ಪದ್ಯಕ್ಕೂ ಯಾರೂ ಕೈ ತಟ್ಟಿರಲಿಲ್ಲ. ಅವನು ಗಂಟಲು ಸರಿಮಾಡಿಕೊಂಡು, ನೈಟಿಯ ಬಗ್ಗೆ ನಮ್ಮ ಪತ್ರಿಕೆ ಏನು ಹೇಳಬೇಕೋ ಅದನ್ನು ಹೇಳಿದೆ, ಅದಕ್ಕೆ ನಾನು ಸೇರಿಸುವುದೇನೂ ಇಲ್ಲ ಎಂದು ಹೇಳಿ ಕೂತುಬಿಟ್ಟ. ಇಷ್ಟು ಚುಟುಕಾಗಿ ಮಾತಾಡಿದ ಗಂಡಸನ್ನು ತಾವು ಕಂಡಿಲ್ಲವೆಂದು ಹೆಂಗಸರು ಬಹಳ ಮೆಚ್ಚಿಕೊಂಡರು. ಕೊನೆಯಲ್ಲಿ ಎರ್ರಮ್ಮ ಟೀಚರು ಕನಕಮ್ಮನಿಗೆ ಅರಿಸಿನ ಕುಂಕುಮ ಕೊಟ್ಟು, ಮಡಚಿದ ಒಂದು ನೈಟಿಯನ್ನು ಉಡಿಯಲ್ಲಿ ಇಟ್ಟಳು.

ತಿರುಗಿ ಬರುವ ಬಸ್ಸಿನಲ್ಲಿ ಅವನ ತೊಡೆಯ ಮೇಲೆ ಹಣ್ಣಿನ ಬುಟ್ಟಿ, ಅವಳ ತೊಡೆಯ ಮೇಲೆ ನೈಟಿ.

ಮನೆಗೆ ಬಂದವನೇ ಏಕಾಂತಪ್ಪ ಪಡಸಾಲೆ ದಾಟಿ, ನಡುಮನೆ ದಾಟಿ, ಅಡುಗೆಮನೆಯ ಹೊಸ್ತಿಲಲ್ಲಿ ಬಂದು ನಿಂತ. ಹನ್ನೊಂದು ವರ್ಷದಲ್ಲಿ ಮೊದಲ ಸಲ ತಮ್ಮನ ಹೆಂಡತಿಯ ಹೆಸರು ಹಿಡಿದು ಕರೆದ. ಗಂಗಾಂಬಿಕಾ ಸೆರಗು ತಲೆಗೆ ಎಳೆದುಕೊಂಡು ಎದುರಿಗೆ ಬಂದಳು. ನೈಟಿ ಚೆಂದ ಅಂತ ಯಾರು ಬರೆಯಲು ಹೇಳಿದ್ದು ಎಂದು ಕೇಳಿದ. ನೀವೇ ಎಂದಳು.

“ನಾನಾ?”

“ನೀವ ಹೇಳಿದ್ರಿ ಅಂತ ಅಕ್ಕಾರು ಹೇಳಿದ್ರು.”

ಹುಕ್ಕು? ಅದೂ ನೀವೇ. ಜೇಬು? ಅದೂ. ಹಾಗಿದ್ದರೆ ತನ್ನ ಪದ್ಯಗಳನ್ನು ಕಡೆಯ ಪುಟಕ್ಕೆ ಗೌರವದಿಂದ ಹಾಕು ಅಂತ ನೀನು ಹೇಳಿದ್ದಲ್ಲವೇ ಎಂದು ಕೇಳಿದ. ತಾನು ಆ ದಿನ ಕೆಲಸ ಬಿಡುತ್ತೇನೆ ಎಂದು ಹೇಳಿ ಕಳಿಸಿದ್ದು ಎಂದಳು ಗಂಗಾಂಬಿಕಾ. ನೀನಿಲ್ಲದೆ ಪತ್ರಿಕೆ ಇಲ್ಲ ಅಂತ ನೀವು ಅಂದದ್ದು ನಿಜವಾ ಎಂದು ಅವಳೂ ಕೇಳಿದಳು. ಇಬ್ಬರೂ ತಿರುಗಿ ಕನಕಮ್ಮನನ್ನು ನೋಡಿದರು.

ಅವಳು ಒಲೆಯ ಪಕ್ಕದ ಕಂಬ ಹಿಡಿದು ನಿಂತಿದ್ದಳು. ಅಳು ಬರುತ್ತದೆ ಎಂದುಕೊಂಡಿದ್ದಳು, ಬರಲಿಲ್ಲ.

“ನಿಮ್ಮ ಮಾತು ಆಕಿಗೆ, ಆಕಿ ಮಾತು ನಿಮಗ,” ಎಂದಳು. “ಮೂವತ್ತು ವರ್ಷ ಆತು, ಈ ಮನ್ಯಾಗ ಒಬ್ರಾದ್ರೂ ಕನಕಮ್ಮ ಏನಂತಾಳ ಅಂತ ಕೇಳಿಲ್ಲ. ಹಂಗಾಗಿ ದಾರ್ಯಾಗ ನಂದೂ ಒಂದೆರಡು ಸೇರಿಸಿದೆ. ತಪ್ಪಾಗಿದ್ರ ಬೈರಿ.”

ಏಕಾಂತಪ್ಪ ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಪ್ರೆಸ್ಸಿಗೆ ಹೋದ. ರಾತ್ರಿ ಊಟಕ್ಕೆ ಬರಲಿಲ್ಲ, ಮಂಡಕ್ಕಿ ಮಿರ್ಚಿ ತರಿಸಿಕೊಂಡು ತಿಂದ ಎಂದು ತಿಳಿಯಿತು. ಮಾರನೆಯ ದಿನದಿಂದ ಸಿದ್ದಲಿಂಗನನ್ನು ಕೂರಿಸಿಕೊಂಡು, ಮೊದಲು ನೈಟಿಯ ಲೇಖನವನ್ನು, ಆಮೇಲೆ ಇಲ್ಲಿಯವರೆಗೆ ಬಂದ ಎಲ್ಲ ಪತ್ರಗಳನ್ನೂ ಒಂದೊಂದಾಗಿ ಓದಿಸಿ ಕೇಳಿದ. ಸಿದ್ದಲಿಂಗ ಏರಿಳಿತವಿಲ್ಲದೆ ಮೂರು ದಿನ ಓದಿದ. ಹುಕ್ಕಿನದಕ್ಕೆ ಒಂದು ಕಟ್ಟು ಬಂದಿತ್ತು, ಜೇಬಿನದಕ್ಕೆ ಒಂದು ಕಟ್ಟು, ನೈಟಿಯದಕ್ಕೆ ಚೀಲ. ನೀತಿಪದ್ಯಗಳಿಗೆ ಒಂದೇ ಪತ್ರ ಇತ್ತು. ಅದನ್ನು ಬರೆದವನು ಕನಕಮ್ಮನ ತಮ್ಮ; ಎತ್ತು ಕೊಳ್ಳಲು ಸಹಾಯ ಬೇಕು ಎಂದು ಕೆಳಗೆ ಸೇರಿಸಿದ್ದ.

ಆ ಮೂರು ದಿನ ಗಂಡ ಮಾತು ಬಿಟ್ಟದ್ದರಿಂದ, ಕೆಡುವುದೆಲ್ಲ ಕೆಟ್ಟ ಮೇಲೆ ಇನ್ನೇನು ಎಂದು ಕನಕಮ್ಮ ಹರಪನಹಳ್ಳಿಯ ನೈಟಿಯನ್ನು ತೆಗೆದು ಹಾಕಿಕೊಂಡಳು. ಹಸಿರು ಬಣ್ಣದ್ದು, ಬಿಳೀ ಹೂವಿನದು. ಹಿತ್ತಲ ಬಾಗಿಲಲ್ಲಿ ನಿಂತಾಗ ಗಾಳಿ ಪಾದದ ಹತ್ತಿರ ಒಳಗೆ ಬಂದು ಮೊಣಕಾಲಿನವರೆಗೆ ಏರಿತು. ಅವಳು ಒಬ್ಬಳೇ ನಕ್ಕಳು. ಗಂಗಾಂಬಿಕಾ ಅವಳ ಸುತ್ತ ಒಂದು ಸುತ್ತು ತಿರುಗಿ ನೋಡಿ, ತಾನೂ ಟ್ರಂಕಿನ ಕಡೆಗೆ ಹೋದಳು. ಬರೆದದ್ದಕ್ಕೆ ಅವಳೇನೂ ಪಶ್ಚಾತ್ತಾಪ ಪಡಲಿಲ್ಲ. ಆದರೆ ಮುಂದೆ ರಾಜೀನಾಮೆ ಕೊಟ್ಟರೆ ನೆಟ್ಟಗೆ ಮುಟ್ಟಿಸಬೇಕೆಂದು ಅಕ್ಕನಿಂದ ಭಾಷೆ ತೆಗೆದುಕೊಂಡಳು.

ನಾಲ್ಕನೆಯ ದಿನ ಏಕಾಂತಪ್ಪನಿಗೆ ಹೊಸ ಪವರಿನ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಮಧ್ಯಾಹ್ನ ಊಟಕ್ಕೆಂದು ಮನೆಯ ಬಾಗಿಲು ತೆಗೆದಾಗ, ಎಷ್ಟೋ ತಿಂಗಳ ನಂತರ ಅವನ ಕಣ್ಣಿಗೆ ಸ್ಪಷ್ಟವಾಗಿ ಕಂಡದ್ದು ನೈಟಿ ತೊಟ್ಟು ಪಡಸಾಲೆ ಸಾರಿಸುತ್ತಿದ್ದ ಹೆಂಡತಿ. ಕನಕಮ್ಮ ಎದ್ದು ನಿಂತಳು. ಒಳಗೆ ಓಡಲಿಲ್ಲ. ಏಕಾಂತಪ್ಪ ಕೊರಳು ನೋಡಿದ, ಬೆನ್ನು ನೋಡಿದ, ಸೊಂಟ ಇರಬೇಕಾದ ಕಡೆ ನೋಡಿದ, ಪಾದ ನೋಡಿದ. ಸಂಪಾದಕಿಯ ಲೇಖನದಲ್ಲಿದ್ದ ಒಂದೊಂದು ನಿಯಮವನ್ನೂ ತೆಗೆದು ಒರೆಗೆ ಹಚ್ಚುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು.

“ತೋಳು ಇನ್ನ ನಾಕು ಬೆರಳು ಉದ್ದ ಇರಬೇಕಿತ್ತು,” ಎಂದು ಹೇಳಿ ಕೈಕಾಲು ತೊಳೆಯಲು ಹೋದ.

ಊಟ ಮಾಡುವಾಗ ತಟ್ಟೆಯನ್ನೇ ನೋಡುತ್ತಾ, ಸಂಜೆ ಪ್ರೆಸ್ಸಿಗೆ ಬಾ, ಮುಂದಿನ ಸಂಚಿಕೆಗೆ ಏನು ಬೇಕೋ ಅದನ್ನು ಸಿದ್ದಲಿಂಗನ ಎದುರಿಗೆ ನೀನೇ ಹೇಳು, ಗಂಗಾಂಬಿಕಾ ಆಮೇಲೆ ತಿದ್ದಲಿ ಎಂದ. ನಾನು ಹೇಳಿದೆ ಎಂದು ಮಾತ್ರ ಹೇಳಬೇಡ ಎಂದ.

ಕನಕಮ್ಮ ಸೀರೆ ಉಟ್ಟು ಪ್ರೆಸ್ಸಿಗೆ ಹೋದಳು. ಬೀದಿಗೆ ನೈಟಿಯಲ್ಲಿ ಹೋಗುವಷ್ಟು ಧೈರ್ಯ ಇನ್ನೂ ಬಂದಿರಲಿಲ್ಲ. ಸಿದ್ದಲಿಂಗ ಅವಳಿಗೆ ಸ್ಟೂಲು ಒರೆಸಿ ಹಾಕಿಕೊಟ್ಟು, ಅಚ್ಚಿನ ಮೊಳೆ ತುಂಬಿದ ಗೂಡುಗಳ ಮುಂದೆ ನಿಂತು ಕಾದ. ಮಸಿಯ ವಾಸನೆ, ಸೀಮೆಎಣ್ಣೆಯ ವಾಸನೆ. ಏಕಾಂತಪ್ಪ ಆಚೆಯ ಕೋಣೆಯಲ್ಲಿ ಯಾರದೋ ಲಗ್ನಪತ್ರಿಕೆ ತಿದ್ದುತ್ತಿದ್ದ.

“ಅವರು ಅಂತಾರ,” ಎಂದು ಶುರು ಮಾಡಿದಳು ಕನಕಮ್ಮ. ಸಿದ್ದಲಿಂಗ ಅ ಅಕ್ಷರಕ್ಕೆ ಕೈ ಹಾಕಿದ. ಅವಳು ನಿಲ್ಲಿಸಿದಳು. ಯಾರ ಮಾತನ್ನೂ ಹೊರದೆ ಬರೀ ಬಾಯಲ್ಲಿ ಕೂತಾಗ ಮಾತು ಎಲ್ಲಿಂದ ಶುರುವಾಗಬೇಕೋ ತಿಳಿಯದೆ ಸ್ವಲ್ಪ ಹೊತ್ತು ಗೋಡೆಯ ಕ್ಯಾಲೆಂಡರು ನೋಡಿದಳು. ಸಿದ್ದಲಿಂಗ ಅ ಅಕ್ಷರವನ್ನು ತಿರುಗಿ ಅದರ ಗೂಡಿಗೆ ಹಾಕಿದ.

“ಹರಪನಹಳ್ಳಿ ಬಸ್ಸಿನ ಮೆಟ್ಟಲು ಭಾಳ ಎತ್ತರ ಅದಾವು,” ಎಂದಳು ಕೊನೆಗೆ. “ಹತ್ತೋವಾಗ ನೆರಿಗಿ ತುಳಿದು ನಾನು ಎರಡು ಸಲ ಬಿದ್ದೀನಿ. ಬೀಳದಂಗ ಸೀರಿ ಹೆಂಗ ಉಡಬೇಕು ಅಂತ ಹಾಕು, ಸಿದ್ದಲಿಂಗಣ್ಣ. ಚಿತ್ರ ಬರಿಯೋಕ ಗಾದಿಲಿಂಗಪ್ಪಗ ಹೇಳು. ಬಸ್ಸಿನ ಕಂಬಿ ಹಿಡಿಯೋಕ ಅವನ ಲಕ್ಷ್ಮಿಗೆ ಒಂದು ಕೈ ಖಾಲಿ ಇರಲಿ.”